ಮಾವನ ಆಂಜಿಯೋಗ್ರಾಮ್: ಕೈಯಿಂದಲೋ, ತೊಡೆಯಿಂದಲೋ?

ಮಂಜಣ್ಣ: ಈ ವಿಡಿಯೋ ಎಲ್ಲರೂ ನೋಡಿ. ಅಮೆರಿಕದ ಡಾಕ್ಟರು ತೊಡೆಯಿಂದ ಹೋಗಿ ಹೃದಯದ ರಕ್ತನಾಳ ತೆರೆದಿಡೋ ಸ್ಟೆಂಟ್ ಹಾಕುತ್ತಿದ್ದಾರೆ. ನಮ್ಮ ದಾವಣಗೆರೆಯಲ್ಲಿ ಮಾವನಿಗೆ ಹೃದಯದ ರಕ್ತನಾಳ ನೋಡೋ ಆಂಜಿಯೋಗ್ರಾಮ್ ಕೈಯಿಂದ ಮಾಡುತ್ತಾರಂತೆ. ಯಾಕೆ ಈ ರಿಸ್ಕ್? ಗುರುವಾರದ್ದು ಬಿಟ್ಟು ಬೆಂಗಳೂರಿಗೆ ಕರೆದುಕೊಂಡು ಹೋಗೋಣ.

ಗೀತಕ್ಕ: ನನಗೂ ಅದೇ ಭಯ. ಖರ್ಚು ಉಳಿಸೋಕೆ ಹೀಗೆ ಮಾಡ್ತಾರಾ?

ಸುಧಾ: ಖರ್ಚಿಗಲ್ಲ ಅಕ್ಕ, ರಕ್ತಸ್ರಾವ ಕಮ್ಮಿ ಅಂತ. ತೊಡೆಯ ರಕ್ತನಾಳ ಆಳದಲ್ಲಿದೆ, ಒಳಗೇ ಸೋರಿದರೆ ಬೇಗ ಗೊತ್ತಾಗಲ್ಲ. ಕೈಯ ರಕ್ತನಾಳ ನಾಡಿ ಹಿಡಿಯೋ ಜಾಗದಲ್ಲಿ ಚರ್ಮದ ಕೆಳಗೇ ಇದೆ, ಒತ್ತಿದರೆ ನಿಲ್ಲುತ್ತದೆ. ವಾರ್ಡಿನಲ್ಲಿ ದಿನಾ ನೋಡುತ್ತೇನೆ. ತೊಡೆಯಿಂದ ಮಾಡಿಸಿಕೊಂಡವರು ಕಾಲು ಮಡಿಸದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು. ಮೂತ್ರಕ್ಕೂ ಏಳೋ ಹಾಗಿಲ್ಲ. ಕೈಯಿಂದ ಆದವರಿಗೆ ಮಣಿಕಟ್ಟಿಗೆ ಗಾಳಿ ತುಂಬುವ ಪಟ್ಟಿ ಕಟ್ಟುತ್ತೇವೆ. ಆಮೇಲೆ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿ ತೆಗೆದು, ರಕ್ತ ಜಿನುಗುತ್ತಿದೆಯಾ ಅಂತ ನೋಡುತ್ತೇವೆ. ಅಷ್ಟರಲ್ಲಿ ಅವರು ಎದ್ದು ಕೂತು ಇಡ್ಲಿ ತಿನ್ನುತ್ತಿರುತ್ತಾರೆ.

ಮಂಜಣ್ಣ: ಅಮೆರಿಕದವರಿಗೆ ಇದು ಗೊತ್ತಿಲ್ವಾ?

ಸುಧಾ: ಗೊತ್ತಿತ್ತು ಅಣ್ಣ, ಹಳೇ ರೂಢಿ ಬಿಡಲಿಲ್ಲ. ಮಣಿಕಟ್ಟಿನಿಂದ ಆಂಜಿಯೋಗ್ರಾಮ್ ಮಾಡಬಹುದು ಅಂತ ಕೆನಡಾದ ಡಾಕ್ಟರ್ ಲೂಸಿಯನ್ ಕಾಂಪೋ 1989ರಲ್ಲೇ ಬರೆದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಕಟ್ಟಿಕೊಂಡ ನಾಳ ತೆರೆಯೋ ಆಂಜಿಯೋಪ್ಲಾಸ್ಟಿಯೂ ಮಣಿಕಟ್ಟಿನಿಂದ ಶುರುವಾಯಿತು. ಯುರೋಪ್, ಜಪಾನ್ ಬೇಗ ಹಿಡಿದುಕೊಂಡವು. ಅಮೆರಿಕದಲ್ಲಿ 2007ರಲ್ಲೂ ನೂರಕ್ಕೆ ಎರಡು ಕೂಡ ಕೈಯಿಂದ ಆಗುತ್ತಿರಲಿಲ್ಲ. ಅಲ್ಲಿನ ಡಾಕ್ಟರುಗಳು ಕಲಿತಿದ್ದೇ ತೊಡೆಯಿಂದ. ಕೈಯದು ಸಣ್ಣ ನಾಳ, ಕೈ ಪಳಗೋಕೆ ಟೈಮ್ ಬೇಕು. ಕೊನೆಗೆ 2021ರಲ್ಲಿ ಅವರ ಮಾರ್ಗಸೂಚಿಯೂ ಮಣಿಕಟ್ಟೇ ಮೊದಲು ಅಂದಿತು. ನಿಮ್ಮ ವಿಡಿಯೋ ಯಾವ ವರ್ಷದ್ದು?

ಮಂಜಣ್ಣ: 2009. ಇರಲಿ, ನಡುವೆ ಕೈಯ ರಕ್ತನಾಳ ಹಿಡಿದುಕೊಂಡರೆ? ನಮ್ಮ ಮನೆಯವರ ಪ್ರಾಣದ ಮಾತು ಸುಧಾ, ಸುಮ್ನೆ ಕೇಳ್ತಿಲ್ಲ.

ಸುಧಾ: ನನಗೂ ಅವರು ಮಾವನೇ ಅಣ್ಣ. ನಾಳ ಬಿಗಿದುಕೊಳ್ಳೋದುಂಟು. ಸಡಿಲ ಆಗೋಕೆ ಔಷಧಿ ಕೊಡುತ್ತಾರೆ. ಆಗಲೇ ಇಲ್ಲ ಅಂದರೆ ತೊಡೆಗೆ ಹೋಗುತ್ತಾರೆ. ಅದಕ್ಕೇ ತೊಡೆಯನ್ನೂ ಮೊದಲೇ ರೆಡಿ ಮಾಡಿಟ್ಟಿರುತ್ತೇವೆ. ನನಗಿರೋ ಚಿಂತೆ ಬೇರೆ. ಮಾವನ ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸೋ ರಕ್ತದ ಅಂಶ) ಜಾಸ್ತಿ ಅಂದಿದ್ದರಲ್ವಾ? ಮುಂದೆ ಡಯಾಲಿಸಿಸ್ ಬೇಕಾಗಬಹುದಾದವರಿಗೆ, ಅದಕ್ಕೇ ಬಳಸೋಕೆ ಅಂತ ಕೈ ನಾಳ ಉಳಿಸಿಕೊಳ್ಳೋಕೆ ನೋಡುತ್ತಾರೆ. ಜೊತೆಗೆ ಆಂಜಿಯೋಗ್ರಾಮಿಗೆ ಹಾಕೋ ಡೈ ಕಿಡ್ನಿಗೆ ಹೊರೆ. ಬೆಂಗಳೂರಿಗೆ ಹೋದರೂ ಈ ಪ್ರಶ್ನೆ ತಪ್ಪಲ್ಲ. ಇಲ್ಲೇ ಡಾಕ್ಟರನ್ನು ಕೇಳಿ.

ಗೀತಕ್ಕ: ರಿಪೋರ್ಟ್ ಫೋಟೋ ಹಾಕಿದ್ದೇನೆ ನೋಡು. ನಾಳೆ ಬೆಳಿಗ್ಗೆ ಓಪಿಡಿಗೆ ಹೋಗಿ ಕೇಳುತ್ತೇವೆ. ಮಂಜು, ನೀನೂ ಬಾ.