ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕಮ್ಯೂನ್ ಮಂತ್ರ ಹಾಕಿ ದೇವರನ್ನೇ "ನೀನು ನಿಜವಾಗಿ ಇದ್ದೀಯಾ" ಅಂತ ಕೇಳಿದರೆ ಏನು ಹೇಳಬೇಕು?

ಹಾಸನದ_ಡಿಎಂ:
ಎರಡು ಭಾನುವಾರದಿಂದ, ನಾನು ಕಥೆ ನಡೆಸುವ (ಡಿಎಂ) ನಮ್ಮ ಆಟ ನಿಂತಿದೆ. ನಮ್ಮ ಕ್ಲೆರಿಕ್ (ದೇವರ ಭಕ್ತೆಯ ಪಾತ್ರ) 9ನೇ ಲೆವೆಲ್‌ಗೆ ಬಂದಳು, ದೇವರಿಗೆ ಹೌದು-ಇಲ್ಲ ಪ್ರಶ್ನೆ ಕೇಳುವ ಕಮ್ಯೂನ್ ಹಾಕಿದಳು, ಮೊದಲ ಪ್ರಶ್ನೆಯೇ "ನೀನು ನಿಜವಾಗಿ ಇದ್ದೀಯಾ" ಅಂತ ಕೇಳಿಬಿಟ್ಟಳು. ಹೌದು ಅಂದರೆ ದೇವರು ಇದೆಯೋ ಇಲ್ಲವೋ ಅನ್ನುವ ಕಥೆಯ ಗುಟ್ಟೇ ಹೋಗುತ್ತದೆ. ಇಲ್ಲ ಅಂದರೆ ಉತ್ತರ ಕೊಟ್ಟಿದ್ದು ಯಾರು? ನಾನು ಸುಮ್ನೆ ಕೂತುಬಿಟ್ಟೆ. ಎಲ್ಲರಿಗೂ ಬೇಜಾರಾಗಿದೆ. ಈ ಭಾನುವಾರದೊಳಗೆ ದಾರಿ ಹೇಳಿ.

ಬೇಲೂರು_ಬಾರ್ಡ್:
ಹೌದು ಅನ್ನಿ ಗುರು. ಫರ್ಗಾಟನ್ ರೆಲ್ಮ್ಸ್ ಲೋಕದ 1358ರಲ್ಲಿ ದೇವರುಗಳ ಒಡೆಯ ಆಓ ದೇವರುಗಳನ್ನು ಕೆಳಗೆ ದಬ್ಬಿದ, ಅವರು ಮನುಷ್ಯರ ಹಾಗೆ ಊರೂರು ಅಲೆದರು. ಬೇನ್ ಸತ್ತ, ಭಾಲ್ ಸತ್ತ, ಮಿಸ್ಟ್ರಾ ಸತ್ತಳು. ಕಣ್ಣಾರೆ ಕಂಡವರೇ ಇರುವಾಗ ಅನುಮಾನ ಯಾಕೆ?

ಕಾಫಿಗಿಡ:
ರೂಲ್ಸ್ 2014ರದ್ದಾ, 2024ರದ್ದಾ? ಅದು ಹೇಳದೆ ಏನೂ ಹೇಳೋಕಾಗಲ್ಲ.

ಬೇಲೂರು_ಬಾರ್ಡ್:
ಎರಡರಲ್ಲೂ ಹೌದು-ಇಲ್ಲ ಅನ್ನುವ ಪ್ರಶ್ನೆ ಮೂರೇ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕಾಫಿಗಿಡ:
ಕೇಳಿದ್ದು ನಿಮ್ಮನ್ನಲ್ಲ. ಅಂದಹಾಗೆ ನಾವು ಸಕಲೇಶಪುರದಲ್ಲಿ ತೋಟದ ಸಿಲ್ವರ್ ಓಕ್‌ನಲ್ಲೇ ಟೇಬಲ್ ಮಾಡಿಸಿದ್ದೇವೆ, ನಡುವೆ 32 ಇಂಚಿನ ಟಿವಿ ಮಲಗಿಸಿ ಮ್ಯಾಪ್ ಹಾಕುತ್ತೇವೆ, ಮಳೆಗೆ ಕರೆಂಟ್ ಹೋದರೂ ಯುಪಿಎಸ್‌ನಲ್ಲಿ ಎರಡು ಗಂಟೆ ಓಡುತ್ತದೆ.

ಹಾಸನದ_ಡಿಎಂ:
ಟೇಬಲ್ ಆಮೇಲೆ ನೋಡೋಣ ಅಣ್ಣಾ. 2014ರ ರೂಲ್ಸ್. ಬಾರ್ಡ್ ಅವರೇ, 1358 ನಮ್ಮ ಲೋಕದ್ದಲ್ಲ. ನಾವು ಆಡುವುದು ಎಬೆರಾನ್ ಅನ್ನುವ ಬೇರೆ ಲೋಕ. ಅವಳು ಬೋಲ್‌ಡ್ರೇ ದೇವತೆಯ ಭಕ್ತೆ.

ಬೇಲೂರು_ಬಾರ್ಡ್:
ಎಬೆರಾನ್ ಆದರೂ ಅಷ್ಟೇ. ಮಂತ್ರ ಫಲಿಸುತ್ತಿದೆ ಅಂದಮೇಲೆ ಕೊಡುವವರು ಒಬ್ಬರು ಇರಲೇಬೇಕು.

ಗಿರಿಯ_ಕ್ಲೆರಿಕ್:
ಅಲ್ಲೇ ಎಡವಿದ್ದು ಮಾರಾಯ್ರೆ. 2004ರಲ್ಲಿ ಎಬೆರಾನ್ ಬಂದಾಗಿನಿಂದ ದೇವರು ಅಲ್ಲಿ ಯಾರೆದುರಿಗೂ ಬಂದು ನಿಲ್ಲುವುದಿಲ್ಲ. ಬ್ಲಡ್ ಆಫ್ ವೋಲ್ ಅನ್ನುವ ಪಂಥದವರು ದೈವ ನಮ್ಮ ರಕ್ತದಲ್ಲೇ ಇದೆ ಅನ್ನುತ್ತಾರೆ, ಅವರ ಮಂತ್ರವೂ ಫಲಿಸುತ್ತದೆ. ಹಾಗಾದರೆ ಮಂತ್ರ ಸಾಕ್ಷಿ ಆಗುವುದಿಲ್ಲ, ಅಲ್ವಾ? ಇನ್ನು ಕಮ್ಯೂನ್ ವಿವರ ಪೂರ್ತಿ ಓದಿ. ಉತ್ತರ ದೇವರೇ ಕೊಡಬೇಕಿಲ್ಲ, ದೇವರ ಪರವಾಗಿ ಬೇರೆಯವರೂ ಕೊಡಬಹುದು. ಅವರಿಗೆ ಗೊತ್ತಿಲ್ಲದ್ದು ಕೇಳಿದರೆ ಸ್ಪಷ್ಟವಿಲ್ಲ ಅಂತ ಬರಬಹುದು. ಅವಳು "ನೀನು ಇದ್ದೀಯಾ" ಅಂದಳು, ಮಾತಾಡುವವರು ಇದ್ದಾರೆ, ಹೌದು ಅನ್ನಿ. "ನೀನೇ ಬೋಲ್‌ಡ್ರೇನಾ" ಅಂದರೆ ಇಲ್ಲ. "ಅವಳನ್ನು ಕಂಡಿದ್ದೀಯಾ" ಅಂದರೂ ಇಲ್ಲ. ಒಂದೂ ಸುಳ್ಳಲ್ಲ, ಗುಟ್ಟೂ ಒಡೆಯಲಿಲ್ಲ.

ಒಂದು ಮಾತು. ನಮ್ಮ ಕಡೆ ದೇವರ ಹತ್ತಿರ ಹೂವಿನ ಪ್ರಸಾದ ಕೇಳುತ್ತೇವಲ್ಲ, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ. ಮಗಳ ಮದುವೆ ಕೇಳುತ್ತಾರೆ, ಬೋರ್‌ವೆಲ್ ಕೇಳುತ್ತಾರೆ. ನೀನು ಇದ್ದೀಯಾ ಅಂತ ಕೇಳಿದವರನ್ನು ನಾನು ನೋಡಿಲ್ಲ. ಅವಳ ಪಾತ್ರಕ್ಕೆ ಏನಾಗಿದೆ?

ಹಾಸನದ_ಡಿಎಂ:
ತಮ್ಮ ಸತ್ತ. ಲೆವೆಲ್ 9 ಆದ ದಿನವೇ ಸತ್ತವರನ್ನು ಎಬ್ಬಿಸುವ ರೇಸ್ ಡೆಡ್ ಮಂತ್ರ ಹಾಕಿದಳು, ಅಷ್ಟರಲ್ಲಿ ಸತ್ತು 10 ದಿನದ ಗಡುವು ದಾಟಿತ್ತು, ಫಲಿಸಲಿಲ್ಲ. ಮಾರನೇ ದಿನ ಕಮ್ಯೂನ್. ಅದು ಇದಕ್ಕೆ ಸಂಬಂಧ ಇಲ್ಲ ಅಂತ ಬರೆಯಲಿಲ್ಲ.

ಬೇಲೂರು_ಬಾರ್ಡ್:
ಇದನ್ನು ಮೊದಲೇ ಹೇಳಬಾರದಾ?

ಗಿರಿಯ_ಕ್ಲೆರಿಕ್:
ಎಬೆರಾನ್‌ನಲ್ಲಿ ಸತ್ತವರು ಡೊಲುರ್ ಅನ್ನುವ ಲೋಕಕ್ಕೆ ಹೋಗುತ್ತಾರೆ, ಅಲ್ಲಿ ನೆನಪು ದಿನದಿನಕ್ಕೆ ಕರಗುತ್ತದೆ. ಎರಡು ಪ್ರಶ್ನೆ ಬಾಕಿ ಇವೆ. ತಮ್ಮನಿಗೆ ನನ್ನ ನೆನಪು ಇದೆಯಾ ಅಂತ ಕೇಳುತ್ತಾಳೆ ನೋಡಿ.

ಹಾಸನದ_ಡಿಎಂ:
ಅದಕ್ಕೆ ಏನು ಹೇಳಬೇಕು ಅಂತ ನಾನು ಯೋಚಿಸಿಯೇ ಇರಲಿಲ್ಲ. ಶನಿವಾರ ಅವಳಿಗೆ ಫೋನ್ ಮಾಡುತ್ತೇನೆ.