ಮೂರನೇ ಸಾಲಿಗೆ ಷಡ್ಡಕ

ಶೇಷಾದ್ರಿ ಏಳು ಸೀಟಿನ ಗಾಡಿ ತಗೋತಾನಂತೆ ಅನ್ನೋ ಸುದ್ದಿ ಬಂದಿದ್ದೇ ತಡ, ಸರಸ್ವತಿಪುರಂ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ಮಂಡಳಿ ಸೇರಿತು. ಮಂಜಣ್ಣನ ಹತ್ತಿರ ಸ್ಕೂಟರ್ ಬಿಟ್ಟರೆ ಬೇರೆ ವಾಹನವಿಲ್ಲ, ಹಾಗಾಗಿ ಕಾರಿನ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲ್ಲ. ಬಷೀರ ಟ್ಯಾಕ್ಸಿ ಓಡಿಸ್ತಾನೆ. ಅವನು ಬಾಯಿ ಬಿಡೋದು ಎಲ್ಲರೂ ಮಾತಾಡಿ ಸುಸ್ತಾದ ಮೇಲೆ.

"ಮಾರುತಿ ಎರ್ಟಿಗಾ ತಗೋ, ಕಣ್ಣು ಮುಚ್ಕೊಂಡು," ಅಂದ ಮಂಜಣ್ಣ. "ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಅದರಲ್ಲಿ 2,740 ಮಿಲಿಮೀಟರು. ಟೊಯೋಟಾ ಇನೋವಾ ಕ್ರಿಸ್ಟಾದಲ್ಲಿ 2,750. ಒಂದು ಸೆಂಟಿಮೀಟರಿಗೋಸ್ಕರ ದುಪ್ಪಟ್ಟು ದುಡ್ಡು ಸುರೀತೀಯೇನಯ್ಯಾ?"

ಬ್ಯಾಂಕಿನಿಂದ ರಿಟೈರಾದ ಶೇಷಾದ್ರಿ ಸೆಂಟಿಮೀಟರಿಗೆ ಇಷ್ಟು ಲಕ್ಷ ಅಂತ ಮನಸ್ಸಲ್ಲೇ ಬಡ್ಡಿ ಸಮೇತ ಲೆಕ್ಕ ಹಾಕಿದ. ಮುಖ ಸಪ್ಪಗಾಯಿತು.

"ಉದ್ದ ಅಳೆದೆ, ಅಗಲ ಯಾರಪ್ಪ ಅಳೀಬೇಕು?" ಅಂದ ಬಷೀರ. "ಎರ್ಟಿಗಾ 1,735, ಕ್ರಿಸ್ಟಾ 1,830. ಮಧ್ಯದ ಸಾಲಲ್ಲಿ ಮೂರು ಜನ ಕೂತ ಮೇಲೆ ಆ ಅಂಗೈ ಅಗಲದ ಬೆಲೆ ಗೊತ್ತಾಗೋದು. ಇಲ್ಲಾಂದ್ರೆ ಒಬ್ಬ ಮುಂದಕ್ಕೆ ಬಾಗಿದ್ರೆ ಮಾತ್ರ ಇಬ್ಬರು ಒರಗಬಹುದು. ಮಡಿಕೇರಿ ತನಕ ಸರದಿ ಮೇಲೆ ಒರಗ್ತೀರಾ?"

ಅಲ್ಲಿಗೆ ಮಾತು ಹಿಂದಕ್ಕೆ, ಅಂದರೆ ಮೂರನೇ ಸಾಲಿಗೆ ಸರಿಯಿತು. ಗಾಡಿ ಕೊಳ್ಳೋನು ಸ್ಟಿಯರಿಂಗ್ ಹಿಡಿದು, ಸನ್‌ರೂಫ್ ತೆಗೆದು, ಹಾರ್ನ್ ಹೊಡೆದು ನೋಡ್ತಾನೆ. ಕೊನೇ ಸಾಲಲ್ಲಿ ಕೂತು ನೋಡೋ ಗಿರಾಕಿ ಕಡಿಮೆ. ಶೇಷಾದ್ರಿ ಮಾತ್ರ ಹತ್ತಿದ್ದನಂತೆ, ಅದೂ ಪಂಚೆ ಉಟ್ಟುಕೊಂಡು. ಮಧ್ಯದ ಸೀಟು ಮಗುಚಿ, ತಲೆ ತಗ್ಗಿಸಿ, ಒಂದು ಕಾಲು ಒಳಗಿಟ್ಟು ಇನ್ನೊಂದು ಎತ್ತುವಾಗ ಪಂಚೆಯ ಅಂಚು ಸೀಟಿನ ಲಿವರಿಗೆ ಸಿಕ್ಕಿತು. ಮುಂದೆ ಹೋದರೆ ಮಾನ ಹೋಗುತ್ತೆ, ಹಿಂದೆ ಬಂದರೆ ಸೊಂಟ ಹೋಗುತ್ತೆ. ಶೋರೂಮಿನ ಹುಡುಗ "ಸಾರ್, ಕಂಫರ್ಟ್ ಹೇಗಿದೆ?" ಅಂತ ಕೇಳಿದ್ದು ಆಗಲೇ.

"ಕಿಯಾ ಕಾರೆನ್ಸಲ್ಲಿ ಒಂದು ಗುಂಡಿ ಒತ್ತಿದ್ರೆ ಆ ಕಡೆ ಸೀಟು ತಾನೇ ಮಗುಚ್ಕೊಳ್ಳುತ್ತೆ," ಅಂದೆ ನಾನು.

"ಸೀಟು ಮಗುಚುತ್ತೆ ಕಣಯ್ಯಾ, ನಾನು ಮಗುಚಬೇಕಲ್ಲ! ಹೇಗೋ ತೂರಿ ಕೂತ್ರೆ ಮೊಣಕಾಲು ಎದೆಗೆ ಬಂತು. ಅಷ್ಟು ದುಡ್ಡು ಕೊಟ್ಟು ಕುಕ್ಕುರುಗಾಲಲ್ಲಿ ಕೂರೋದಾದ್ರೆ ಊರಿನ ಜಗಲಿ ಏನಾಗಿತ್ತು?"

ಬಷೀರ ಬಿಡಿಸಿ ಹೇಳಿದ. ಚಾಸಿ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಗಾಡಿಯಲ್ಲಿ ನೆಲವೇ ಎತ್ತರ. ಹಿಂದಿನ ಚಕ್ರಕ್ಕೆ ಎಳೆತ ಇದ್ದರಂತೂ ಹಿಂದಿನವರ ಕೆಳಗೆ ಅಚ್ಚಿನ ಗೇರು ಕೂರೋ ಹೌಸಿಂಗ್ ಬೇರೆ ಬರುತ್ತೆ. ಮೇಲೆ ಛಾವಣಿ ಇಳಿಜಾರು. ತಲೆ ಬಡೀಬಾರದು ಅಂತ ಸೀಟನ್ನ ತಗ್ಗಿಸ್ತಾರೆ. ನೆಲ ಮೇಲೆ ಬಂತು, ಸೀಟು ಕೆಳಗೆ ಹೋಯಿತು, ಇನ್ನು ಮೊಣಕಾಲು ಎಲ್ಲಿಗೆ ಹೋಗಬೇಕು? ತೊಡೆಗೆ ಆಸರೆ ಇಲ್ಲದೆ ಭಾರವೆಲ್ಲ ಸೊಂಟದ ಮೇಲೆ. ಘಾಟಿಯ ತಿರುವಲ್ಲಿ, ಹಿಂದಿನ ಅಚ್ಚಿನ ನೆತ್ತಿ ಮೇಲೆ ಕೂತು, ಮುಂದಿನ ರಸ್ತೆನೂ ಕಾಣದೆ ಕುಲುಕಾಡಿದ್ರೆ ಬೆಳಿಗ್ಗೆ ತಿಂದ ಮಸಾಲೆದೋಸೆ ಸಂಪಾಜೆ ದಾಟಲ್ಲ. "ಇನೋವಾ ಹೈಕ್ರಾಸಲ್ಲಿ ಚಾಸಿ ಬೇರೆ ಇಲ್ಲ, ಎಳೆತ ಮುಂದಿನ ಚಕ್ರಕ್ಕೆ. ಚಕ್ರದ ಅಂತರ 2,850. ಅದರ ಕೊನೇ ಸಾಲಲ್ಲಿ ದೊಡ್ಡವರೂ ಕೂರಬಹುದು. ರೇಟು ಮಾತ್ರ ಕೂತ್ಕೊಂಡೇ ಕೇಳು."

"ಎಸಿ?" ಅಂದ ಶೇಷಾದ್ರಿ.

"2025ರ ಮುಂಚಿನ ಎರ್ಟಿಗಾದಲ್ಲಿ ಹಿಂದಿನವರ ಎಸಿ ಗುಬುಟು ಇದ್ದದ್ದು ಮಧ್ಯದ ಸಾಲಿನವರ ತಲೆ ಮೇಲೆ. ನಿಮ್ಮತ್ತೆಯಂಥವರಿಗೆ ಥಂಡಿ ಆದ್ರೆ ಹಿಂದೆ ಕೂತವನು ಬೆವರಬೇಕಿತ್ತು, ಅಷ್ಟೇ."

ಮಂಜಣ್ಣ ಟಾಟಾ ಸುಮೋ ಕಾಲಕ್ಕೆ ಹೋದ. 1994ರಲ್ಲಿ ಬಂದ ಗಾಡಿ, ಹಿಂದೆ ಎದುರುಬದುರು ಬೆಂಚು, ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಗುಲಿಸಿ ಅಂತ್ಯಾಕ್ಷರಿ ಹಾಡ್ತಿದ್ದ ಸುಖ ಈಗೆಲ್ಲಿ ಅಂದ. ಬ್ರೇಕ್ ಹಾಕಿದಾಗ ನಾಲ್ಕೂ ಜನ ಒಂದೇ ಮೂಲೆಗೆ ಬಂದು ಬೀಳ್ತಿದ್ದದ್ದು ಅವನಿಗೆ ಮರೆತಿದೆ.

ಲಗೇಜಿನ ಕಥೆ ಇನ್ನೂ ಚೆನ್ನಾಗಿದೆ. ಏಳೂ ಸೀಟು ತುಂಬಿದ ಮೇಲೆ ಎರ್ಟಿಗಾದಲ್ಲಿ ಉಳಿಯೋ ಡಿಕ್ಕಿ 209 ಲೀಟರು. ನಾಲ್ಕು ಮೀಟರ್ ಉದ್ದದೊಳಗಿನ ರೆನೋ ಟ್ರೈಬರಲ್ಲಿ 84. ಅದರಲ್ಲಿ ಒಂದು ಹಲಸಿನಹಣ್ಣು ಹಿಡಿದರೆ ಎರಡನೆಯದನ್ನ ತೊಡೆ ಮೇಲೆ ಇಟ್ಕೋಬೇಕು.

"ಆದ್ರೆ ಟ್ರೈಬರ್ ಹಿಂದಿನ ಸೀಟು ಕಳಚಿ ತೆಗೀಬಹುದು," ಅಂದ ಮಂಜಣ್ಣ. "ಡಿಕ್ಕಿ 625 ಲೀಟರ್ ಆಗುತ್ತೆ!"

"ತೆಗೆದ ಸೀಟು ಎಲ್ಲಿಡಲಿ?"

"ಹಾಲಲ್ಲಿ ಇಡು. ನಿನ್ನ ಷಡ್ಡಕನನ್ನ ಅದರ ಮೇಲೇ ಕೂರಿಸಿ ಹೊರಡು."

ನಿಜವಾದ ವಿಷಯ ಅಲ್ಲಿತ್ತು. ಶೇಷಾದ್ರಿಯ ಆಸನ ಹಂಚಿಕೆ ಆಗಲೇ ಮುಗಿದಿತ್ತು: ಮುಂದೆ ತಾನು ಮತ್ತು ಮಗ, ಮಧ್ಯೆ ಅತ್ತೆ, ಹೆಂಡತಿ, ನಾದಿನಿ, ಕೊನೆಗೆ ಮೊಮ್ಮಗ ಮತ್ತು ಷಡ್ಡಕ. ಷಡ್ಡಕ ಆರಡಿ ಆಸಾಮಿ.

"ಅವನಿಗೆ ಅಷ್ಟು ಸಾಕು ಬಿಡ್ರೋ. ಮದುವೆಯಲ್ಲಿ ನನಗಿಂತ ದೊಡ್ಡ ಉಂಗುರ ಗಿಟ್ಟಿಸಿದ್ದ," ಅಂದ ಶೇಷಾದ್ರಿ. ಎರ್ಟಿಗಾನೇ ಖಾಯಂ ಆಯಿತು.

ಬಷೀರ ಎದ್ದು ಬೀಗದ ಕೈ ತಿರುಗಿಸಿದ. "ಮೊನ್ನೆ ನಿನ್ನ ಷಡ್ಡಕನನ್ನ ಸ್ಟೇಷನ್ನಿಗೆ ಬಿಟ್ಟೆ. ಅವನೂ ಏಳು ಸೀಟಿಂದೇ ನೋಡ್ತಿದ್ದಾನಂತೆ. ಅದರಲ್ಲಿ ನಿನ್ನ ಸೀಟು ಯಾವುದು ಅಂತ ಕೇಳ್ಕೋ."

ಶೇಷಾದ್ರಿ ಆ ರಾತ್ರಿನೇ ಷಡ್ಡಕನಿಗೆ ಫೋನ್ ಮಾಡಿದನಂತೆ. "ತಗೊಳ್ಳೋದಾದ್ರೆ ಹೈಕ್ರಾಸೇ ತಗೊಳ್ಳಪ್ಪಾ, ದುಡ್ಡಿನ ಮುಖ ನೋಡಬೇಡ. ಸಾಲ ಬೇಕಾದ್ರೆ ನಮ್ಮ ಬ್ಯಾಂಕಲ್ಲಿ ನಾನು ಹೇಳ್ತೀನಿ."