ಹುಡುಗರು ನಿಜವಾಗಿ ದಾರಿಗೆ ಬಂದರೇ ಅಂತ ಅಳೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಪರಾಧ ಪ್ರಕರಣಗಳಲ್ಲಿ ಸಿಕ್ಕಿಬಿದ್ದ ಹದಿಹರೆಯದ ಹುಡುಗರಿಗೆ ಕಸುಬು ಕಲಿಸುವ, ಕೌನ್ಸೆಲಿಂಗ್ ಮಾಡುವ ಸಣ್ಣ ಸಂಸ್ಥೆಯಲ್ಲಿದ್ದೇನೆ. ನಮ್ಮ ವರದಿಯಲ್ಲಿ ಒಂದೇ ಲೆಕ್ಕ: ತರಬೇತಿ ಮುಗಿಸಿದವರಲ್ಲಿ ಎಷ್ಟು ಜನ ಒಂದು ವರ್ಷ ಮತ್ತೆ ಪೊಲೀಸರ ಕೈಗೆ ಸಿಗಲಿಲ್ಲ ಅಂತ. ಅಂಕಿ ಚೆನ್ನಾಗಿಯೇ ಕಾಣುತ್ತದೆ. ಹಣ ಕೊಡುವವರಿಗೂ ಖುಷಿ. ಆದರೆ ಅರ್ಧಕ್ಕೇ ಬಿಟ್ಟು ಹೋದವರು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಐದು, ಹತ್ತು ವರ್ಷದ ಮೇಲೆ ಇವರ ಬದುಕು ಏನಾಯಿತು ಅಂತ ನಮಗೆ ಗೊತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1

ನಿಮ್ಮ ಅನುಮಾನ ಸರಿಯಾಗಿದೆ. ಇಂಥ ಕಾರ್ಯಕ್ರಮಗಳ ಮೌಲ್ಯಮಾಪನವೇ ನನ್ನ ಕೆಲಸ. ಮೊದಲು ನೋಡುವುದು ಬಿಟ್ಟು ಹೋದವರನ್ನೇ. ಜಾಸ್ತಿ ಕಷ್ಟದಲ್ಲಿರುವವರೇ ಬಿಟ್ಟು ಹೋಗುವುದು, ಅಲ್ವಾ? ಅವರನ್ನು ತೆಗೆದುಹಾಕಿದರೆ ಯಾವ ಕಾರ್ಯಕ್ರಮವೂ ಗೆದ್ದಂತೆ ಕಾಣುತ್ತದೆ. ಮೊದಲ ದಿನ ಸೇರಿದ ಎಲ್ಲರನ್ನೂ ಕೊನೆಯವರೆಗೆ ಲೆಕ್ಕದಲ್ಲಿಡಿ.

ಇನ್ನೊಂದು ವಿಷಯ. ಅಪರಾಧಕ್ಕಿಳಿಯುವುದು ಹದಿಹರೆಯದ ಕೊನೆಯ ಹೊತ್ತಿಗೆ ಏರುತ್ತದೆ, 20 ದಾಟಿದ ಮೇಲೆ ಬಹಳ ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಕಾರ್ಯಕ್ರಮಕ್ಕೆ ಬಾರದ, ಅದೇ ಥರದ ಹುಡುಗರ ಜೊತೆ ಹೋಲಿಸದಿದ್ದರೆ ಏನೂ ತಿಳಿಯುವುದಿಲ್ಲ.

ಅಮೆರಿಕದ ಮಿಸೌರಿಯಲ್ಲಿ 176 ಹುಡುಗ ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕುಟುಂಬ, ಶಾಲೆ, ಗೆಳೆಯರು ಎಲ್ಲವನ್ನೂ ಸೇರಿಸಿಕೊಂಡ ಮಲ್ಟಿಸಿಸ್ಟಮಿಕ್ ಥೆರಪಿ. ಇನ್ನೊಂದಕ್ಕೆ ಒಬ್ಬೊಬ್ಬರಿಗೇ ಕೊಡುವ ಥೆರಪಿ. ಸರಾಸರಿ 13 ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ 50% ಜನ ಮತ್ತೆ ಬಂಧನಕ್ಕೊಳಗಾಗಿದ್ದರು. ಅಷ್ಟನ್ನೇ ನೋಡಿದರೆ ಸೋಲು ಅನ್ನಿಸುತ್ತದೆ. ಆದರೆ ಎರಡನೇ ಗುಂಪಿನಲ್ಲಿ ಅದು 81%. ಹೋಲಿಕೆ ಇರದಿದ್ದರೆ ಒಂದು ಒಳ್ಳೆಯ ಕಾರ್ಯಕ್ರಮವನ್ನು ಮುಚ್ಚಿಬಿಡುತ್ತಿದ್ದರು.

ಉತ್ತರ 2

ಹುಡುಗರನ್ನೇ ಕೇಳಿದರೆ ಸಾಕಲ್ವಾ? ನಮ್ಮಲ್ಲಿ ಕೊನೆಯ ದಿನ ಎಲ್ಲರೂ 'ತುಂಬಾ ಉಪಯೋಗವಾಯ್ತು' ಅಂತಲೇ ಬರೆಯುತ್ತಾರೆ.

ಉತ್ತರ 1

ಕೇಳಲೇಬೇಕು, ಆದರೆ ಅದೊಂದನ್ನೇ ನಂಬಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಕೇಂಬ್ರಿಜ್-ಸೋಮರ್‌ವಿಲ್ ಅಧ್ಯಯನ ಶುರುವಾಯಿತು. 506 ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಪಾಠ, ವೈದ್ಯಕೀಯ ನೆರವು, ಮನೆಗೇ ಬಂದು ಮಾತಾಡುವ ಸಲಹೆಗಾರರು, ಬೇಸಿಗೆ ಶಿಬಿರ, ಎಲ್ಲ ಸಿಕ್ಕಿತು. ಸುಮಾರು 30 ವರ್ಷದ ನಂತರ ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ಆ ಎರಡೂ ಗುಂಪಿನವರನ್ನು ಹುಡುಕಿಕೊಂಡು ಹೋದರು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಉಪಯೋಗವಾಯಿತು ಅಂದರು. ದಾಖಲೆ ಬೇರೆಯದನ್ನೇ ಹೇಳಿತು. ಅಪರಾಧ ಕಡಿಮೆಯಾಗಿರಲಿಲ್ಲ. ಕುಡಿತದ ಚಟ, ಮಾನಸಿಕ ಕಾಯಿಲೆ, ಬೇಗ ಸಾಯುವುದು ಇವೆಲ್ಲ ನೆರವು ಪಡೆದ ಗುಂಪಿನಲ್ಲೇ ಜಾಸ್ತಿ. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಮಕ್ಕಳಿಗೆ ಕೆಡುಕನ್ನೂ ಮಾಡಬಹುದು. ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿರುವುದು.

ಉತ್ತರ 3

ಪೊಲೀಸ್ ದಾಖಲೆಯನ್ನೂ ಎಚ್ಚರಿಕೆಯಿಂದ ಓದಿ. ಗಸ್ತು ಜಾಸ್ತಿ ಇರುವ ಬೀದಿಯ ಹುಡುಗ ಬೇಗ ಸಿಕ್ಕಿಬೀಳುತ್ತಾನೆ, ಅಷ್ಟೇ. ಮತ್ತೆ ತಪ್ಪು ಮಾಡಿದನೇ ಅಂತ ಮಾತ್ರ ನೋಡಬೇಡಿ. ಎಷ್ಟು ದಿನದ ಮೇಲೆ, ಎಷ್ಟು ಸಲ, ಮೊದಲಿಗಿಂತ ಗಂಭೀರವೇ ಅಂತಲೂ ಬರೆದಿಡಿ. ದರೋಡೆ ಮಾಡುತ್ತಿದ್ದವನು ಮೂರು ವರ್ಷದ ಮೇಲೆ ಸಣ್ಣ ಜಗಳದಲ್ಲಿ ಸಿಕ್ಕಿಬಿದ್ದರೆ ಅದು ಬದಲಾವಣೆಯೇ. ಕೆಲಸದಲ್ಲಿ ನಿಂತಿದ್ದಾನಾ, ಮಲಗಲು ಜಾಗ ಇದೆಯಾ, ಕಷ್ಟ ಬಂದಾಗ ಫೋನ್ ಮಾಡಲು ಒಬ್ಬರಾದರೂ ಇದ್ದಾರಾ ಅಂತ ಕೇಳಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ನಮ್ಮಲ್ಲಿ ಸೀಟಿಗಿಂತ ಅರ್ಜಿ ಜಾಸ್ತಿ. ಕಾಯುತ್ತಿರುವ ಹುಡುಗರ ಜೊತೆ ಹೋಲಿಸಬಹುದಾ?

ಉತ್ತರ 1

ಹೋಲಿಸಬಹುದು, ಆದರೆ ಯಾರಿಗೆ ಸೀಟು ಅಂತ ಚೀಟಿ ಎತ್ತಿ ತೀರ್ಮಾನಿಸಿ. ಸಿಬ್ಬಂದಿ ಆರಿಸಿದರೆ ಸುಧಾರಿಸುವ ಹಾಗೆ ಕಾಣುವವರನ್ನೇ ಒಳಗೆ ಕರೆದುಕೊಳ್ಳುತ್ತಾರೆ. ಕಾಯುತ್ತಿದ್ದವರೂ ಮುಂದಿನ ವರ್ಷ ಸೇರಿಬಿಟ್ಟರೆ ಹತ್ತು ವರ್ಷದ ಹೋಲಿಕೆ ಸಿಗುವುದಿಲ್ಲ, ಅದನ್ನು ಈಗಲೇ ಯೋಚಿಸಿ. ಮುಂದೆ ಸಂಪರ್ಕಿಸಲು ಎರಡೂ ಗುಂಪಿನವರ ಒಪ್ಪಿಗೆಯನ್ನು ಮೊದಲ ದಿನವೇ ತೆಗೆದುಕೊಳ್ಳಿ. ಫೋನ್ ನಂಬರ್ ಬದಲಾಗುತ್ತಲೇ ಇರುತ್ತದೆ, ಅಜ್ಜಿಯದ್ದೋ ಅಕ್ಕನದ್ದೋ ನಂಬರನ್ನೂ ಅವರನ್ನು ಕೇಳಿಯೇ ಬರೆದುಕೊಳ್ಳಿ.